ಪಾಪಾಸುಕಳ್ಳಿ: ಬೇಲಿಯ ಮೇಲೊಂದು ಪರದೇಶಿ ಹೂವು

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ, ಅಲ್ಲಿಂದ ಹರಪನಹಳ್ಳಿಯತ್ತ ಬೇಸಿಗೆಯ ದಿನಗಳಲ್ಲಿ ಬಸ್ಸಿನಲ್ಲಿ ಹೋದವರಿಗೆ ಕಿಟಕಿಯಾಚೆಯ ನೋಟ ನೆನಪಿರಬಹುದು. ಕೆಂಪು ಮಸಾರಿ ನೆಲ, ಅಲ್ಲಲ್ಲಿ ಎರೆ ಹೊಲ, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡ, ರಸ್ತೆಯ ಎರಡು ಬದಿಗೂ ಜಾಲಿ. ಜೋಳ, ಸಜ್ಜೆ, ಶೇಂಗಾ ಕೊಯ್ಲು ಮುಗಿದು ಹೊಲಗಳೆಲ್ಲ ಬೋಳಾದಾಗ, ಹುಲ್ಲು ಒಣಗಿ ಪುಡಿಯಾದಾಗ, ಬಂಡೆಯ ಸಂದಿಯಲ್ಲೋ ಹಳೆಯ ಬೇಲಿಯ ಮೂಲೆಯಲ್ಲೋ ಒಂದು ಗಿಡ ಮಾತ್ರ ಹಸಿರಾಗಿ ನಿಂತಿರುತ್ತದೆ. ಮೈತುಂಬ ಮುಳ್ಳು, ಆ ಮುಳ್ಳಿನ ಅಂಚಿನಲ್ಲಿ ಬಟ್ಟಲಿನಷ್ಟು ಅಗಲದ ಹಳದಿ ಹೂವು. ಅದು ಪಾಪಾಸುಕಳ್ಳಿ. ಉತ್ತರದ ಕಡೆಯವರು ಇದನ್ನೇ ಡಬ್ಬಗಳ್ಳಿ ಎನ್ನುತ್ತಾರೆ.

ಮರುಭೂಮಿಯ ಹೂವೆಂದರೆ ನಮಗೆ ರಾಜಸ್ಥಾನವೋ ಅರಬ್ಬರ ನಾಡೋ ನೆನಪಾಗುತ್ತದೆ. ಹೂವಿನ ಹಡಗಲಿಯೆಂದರೆ ಮಲ್ಲಿಗೆ ನೆನಪಾಗುತ್ತದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಅದೇ ಸೀಮೆಯ ಬೇಲಿಗಳಲ್ಲಿ ಯಾರೂ ಮುಡಿಯದ, ಯಾವ ದೇವರಿಗೂ ಏರದ ಈ ಹಳದಿ ಹೂವಿಗೂ ಒಂದು ಚರಿತ್ರೆಯಿದೆ. ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಒಣನೆಲವನ್ನು ನೋಡಿದವರಿಗೆ ಈ ಗಿಡ ಭೂಮಿ ಹುಟ್ಟಿದಂದಿನಿಂದಲೂ ಇಲ್ಲಿಯೇ ಇತ್ತೆಂದು ತೋರುತ್ತದೆ. ನಿಜಸಂಗತಿ ಬೇರೆ. ಇದು ಸಮುದ್ರ ದಾಟಿ ಬಂದ ಗಿಡ. ಲಾಭದ ಲೆಕ್ಕ ಹಾಕಿ ತಂದದ್ದು, ಲೆಕ್ಕ ತಪ್ಪಿ ಹಬ್ಬಿದ್ದು, ಕೊನೆಗೆ ಒಂದು ಹುಳುವಿನ ಬಾಯಿಗೆ ಸಿಕ್ಕಿ ಸೊರಗಿದ್ದು. ಒಣನಾಡಿಗೆ ಹೊಸ ಗಿಡಗಳನ್ನು ತಂದು ನೆಡುವ ಮಾತು ಮತ್ತೆ ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹಾಲಿಲ್ಲದ ಕಳ್ಳಿ

ಕಳ್ಳಿ ಎಂಬ ಮಾತು ಕನ್ನಡದಲ್ಲಿ ಹಳೆಯದು. ಆದರೆ ಹಿಂದಿನವರು ಕಳ್ಳಿ ಎಂದು ಕರೆದದ್ದು ಈ ಗಿಡವನ್ನಲ್ಲ. ಎಲೆಗಳ್ಳಿ, ಚದುರಗಳ್ಳಿ ಮೊದಲಾದವು ನಮ್ಮ ನೆಲದ ಹಳೆಯ ಕಳ್ಳಿಗಳು. ಇವನ್ನು ಗುರುತಿಸುವುದು ಬಲು ಸುಲಭ. ಒಂದಿಷ್ಟು ಗೀರಿದರೆ ಸಾಕು, ಬೆಳ್ಳಗೆ ಹಾಲು ಸುರಿಯುತ್ತದೆ. ಕಣ್ಣಿಗೆ ಬಿದ್ದರೆ ಉರಿ, ಮೈಗೆ ತಾಗಿದರೆ ಬೊಬ್ಬೆ. ಸಸ್ಯಶಾಸ್ತ್ರಜ್ಞರು ಇವುಗಳನ್ನು ಯೂಫೋರ್ಬಿಯ ಎಂಬ ಕುಲಕ್ಕೆ ಸೇರಿಸುತ್ತಾರೆ. ಹರಳು ಗಿಡ ಇವುಗಳ ದೂರದ ನೆಂಟ. ಹನ್ನೆರಡನೆಯ ಶತಮಾನದ ಶರಣರು ಕಂಡ ಕಳ್ಳಿ ಈ ಹಾಲುಗಳ್ಳಿಯೇ ಹೊರತು ಪಾಪಾಸುಕಳ್ಳಿಯಲ್ಲ.

ಪಾಪಾಸುಕಳ್ಳಿಯನ್ನು ಕೊಯ್ದರೆ ಹಾಲು ಬರುವುದಿಲ್ಲ, ಅಂಟಾದ ಲೋಳೆ ಬರುತ್ತದೆ. ಇದು ಕ್ಯಾಕ್ಟಸ್ ಕುಟುಂಬದ ಒಪುಂಟಿಯ ಜಾತಿಗೆ ಸೇರಿದ್ದು. ಸಾವಿರದೈನೂರಕ್ಕೂ ಹೆಚ್ಚು ಬಗೆಗಳಿರುವ ಈ ಇಡೀ ಕುಟುಂಬದ ತವರು ಅಮೆರಿಕ ಖಂಡಗಳು. ಮರಗಳ ಮೇಲೆ ಜೋತು ಬೆಳೆಯುವ ಒಂದೇ ಒಂದು ಬಗೆ ಮಾತ್ರ ಆಫ್ರಿಕದಲ್ಲಿಯೂ ಶ್ರೀಲಂಕಾದಲ್ಲಿಯೂ ತಾನಾಗಿ ಬೆಳೆದದ್ದು ಕಂಡುಬಂದಿದೆ. ಉಳಿದವೆಲ್ಲ 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ದಾಟಿದ ಮೇಲೆ ಮನುಷ್ಯನ ಕೈಯಿಂದ ಹಳೆಯ ಜಗತ್ತಿಗೆ ಬಂದವು. ಹಾಗಿದ್ದರೂ ನಮ್ಮ ಕಳ್ಳಿಗೂ ಅಮೆರಿಕದ ಕ್ಯಾಕ್ಟಸ್ಸಿಗೂ ರೂಪದಲ್ಲಿ ಹೋಲಿಕೆ ಹೇಗೆ ಬಂತು? ನೀರಿಲ್ಲದ ಎರಡು ನಾಡುಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಟುಂಬಗಳು ಬದುಕಲು ಒಂದೇ ಉಪಾಯ ಹೂಡಿದವು. ಎಲೆ ಬಿಟ್ಟುಕೊಟ್ಟು ಕಾಂಡವನ್ನೇ ನೀರಿನ ತೊಟ್ಟಿ ಮಾಡಿಕೊಂಡವು.

ಹೊಸಬನಿಗೆ ಜನ ಕೊಟ್ಟ ಹೆಸರುಗಳಲ್ಲೇ ಅವನು ಹೊಸಬನೆಂಬ ಸುಳಿವಿದೆ. ಪಾಪಾಸು ಎಂದರೆ ಪಾದರಕ್ಷೆ. ಪಾರಸಿಯಿಂದ ಕನ್ನಡಕ್ಕೆ ಬಂದ ಮಾತು. ಚಪ್ಪಟೆಯಾಗಿ ಅಂಗಾಲಿನ ಆಕಾರದಲ್ಲಿರುವ ಇದರ ಹಾಳೆಗಳನ್ನು ಕಂಡು ಜನ ಚಪ್ಪಲಿಯ ಕಳ್ಳಿ ಎಂದರು. ತಮಿಳಿನಲ್ಲಿ ಇದು ಸಪ್ಪಾತ್ತುಕ್ಕಳ್ಳಿ. ಅಲ್ಲಿಯ ಸಪ್ಪಾತ್ತು ಕೂಡ ಪಾದರಕ್ಷೆಯೇ, ಆದರೆ ಪೋರ್ಚುಗೀಸರಿಂದ ಬಂದ ಪದ. ತೆಲುಗರು ಹೆಡೆಯನ್ನು ಕಂಡು ನಾಗಜೆಮುಡು ಎಂದರು. ಜೆಮುಡು ಎಂದರೆ ಅಲ್ಲಿಯೂ ಹಳೆಯ ಹಾಲುಗಳ್ಳಿಯೇ. ಮೆಣಸಿನ ಹೆಸರನ್ನು ಪಡೆದು ಅಮೆರಿಕದ ಮೆಣಸಿನಕಾಯಿ ನಮ್ಮ ಅಡುಗೆಮನೆ ಹೊಕ್ಕಂತೆ, ಕಳ್ಳಿಯ ಹೆಸರನ್ನು ಪಡೆದು ಒಪುಂಟಿಯ ನಮ್ಮ ಬೇಲಿ ಹೊಕ್ಕಿತು. ಹೆಸರು ಹಳೆಯದಾದ ಮೇಲೆ ಬಂದವನ ಊರು ಮರೆತುಹೋಯಿತು.

ಗಿಡದ ಮೈಕಟ್ಟು

ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಶಾಸ್ತ್ರಜ್ಞರು ಒಪುಂಟಿಯ ಡಿಲ್ಲೇನಿಯೈ ಎಂದು ಹೆಸರಿಟ್ಟಿದ್ದಾರೆ. ಆಳೆತ್ತರದ ಪೊದೆ. ನಾವು ಎಲೆಯೆಂದು ತಿಳಿಯುವ ದಪ್ಪ ಹಾಳೆ ನಿಜವಾಗಿ ಕಾಂಡ. ನಿಜವಾದ ಎಲೆಗಳು ಎಳೆಯ ಹಾಳೆಯ ಮೇಲೆ ಸಣ್ಣ ಮೊಳೆಗಳಂತೆ ಮೂಡಿ ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ. ಹಾಳೆಯ ಮೈಮೇಲೆ ಸಾಲುಸಾಲಾಗಿ ಕಣ್ಣುಗಳಿವೆ. ಕಬ್ಬಿನ ಗೆಣ್ಣಿನಲ್ಲಿರುವ ಕಣ್ಣಿನಂತೆ ಇವು ಕೂಡ ಮೊಗ್ಗಿನ ತಾಣಗಳೇ. ಮುಳ್ಳು ಹುಟ್ಟುವುದು ಅಲ್ಲಿಂದ, ಹೊಸ ಹಾಳೆ ಚಿಗುರುವುದು ಅಲ್ಲಿಂದ, ಹೂವು ಅರಳುವುದೂ ಅಲ್ಲಿಂದ. ಮಣ್ಣಿಗೆ ತಾಗಿದರೆ ಬೇರು ಇಳಿಯುವುದೂ ಅಲ್ಲಿಂದಲೇ.

ಮುಳ್ಳುಗಳಲ್ಲಿ ಎರಡು ಬಗೆ. ದೂರದಿಂದಲೇ ಕಾಣುವ ಹಳದಿ ಬಣ್ಣದ ದೊಡ್ಡ ಮುಳ್ಳು ಎಚ್ಚರಿಕೆ ಕೊಟ್ಟು ಚುಚ್ಚುತ್ತದೆ. ಅದರ ಬುಡದಲ್ಲಿ ಕೂದಲಿಗಿಂತ ತೆಳುವಾದ, ಕಣ್ಣಿಗೆ ಸರಿಯಾಗಿ ಕಾಣದ ನವಿರು ಮುಳ್ಳುಗಳ ಗೊಂಚಲಿದೆ. ಅಪಾಯವಿರುವುದು ಅವುಗಳಲ್ಲಿ. ಅವುಗಳ ಮೈಯಲ್ಲಿ ಹಿಮ್ಮುಖವಾದ ಸೂಕ್ಷ್ಮ ಕೊಕ್ಕೆಗಳಿರುವುದರಿಂದ ಚರ್ಮಕ್ಕೆ ಹೊಕ್ಕರೆ ಸುಲಭವಾಗಿ ಹೊರಬರುವುದಿಲ್ಲ. ಹಣ್ಣಿನಾಸೆಗೆ ಬರಿಗೈ ಹಾಕಿದ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೂವು ಬಿಡುವುದು ಹಾಳೆಯ ಅಂಚಿನಲ್ಲಿ. ರೇಷ್ಮೆಯ ಹೊಳಪಿನ ಹಳದಿ ದಳಗಳು, ನಡುವೆ ನೂರಾರು ಕೇಸರಗಳು. ಜೇನು ಒಳಗಿಳಿದು ಕೇಸರಕ್ಕೆ ತಾಗಿದರೆ ಅವು ಮೆಲ್ಲಗೆ ಒಳಮುಖವಾಗಿ ಬಾಗುತ್ತವೆ. ಬಂದ ಅತಿಥಿಯ ಮೈಗೆ ಪರಾಗ ಬಳಿದೇ ಕಳುಹಿಸುತ್ತವೆ. ಹುಲ್ಲುಕಡ್ಡಿಯಿಂದ ಮುಟ್ಟಿಯೂ ಈ ಚಲನೆಯನ್ನು ನೋಡಬಹುದು. ಆಮೇಲೆ ಬುಗುರಿಯಾಕಾರದ ನೇರಳೆಗೆಂಪು ಹಣ್ಣು. ತಿಂದರೆ ನಾಲಿಗೆ, ಹಲ್ಲು, ಅಂಗಿ ಎಲ್ಲವೂ ಕೆಂಪು. ಬೀಟ್‌ರೂಟಿನ ಬಣ್ಣವೂ ಈ ಬಣ್ಣವೂ ಒಂದೇ ವರ್ಗದವು.

ಇನ್ನೊಂದು ಸೋಜಿಗ ಕಣ್ಣಿಗೆ ಕಾಣುವಂಥದಲ್ಲ. ಬಹುತೇಕ ಗಿಡಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಪಡೆಯುತ್ತವೆ. ಜತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ಕಳ್ಳಿ ಆ ವ್ಯವಹಾರವನ್ನು ತಂಪಾದ ರಾತ್ರಿಗೆ ಮುಂದೂಡುತ್ತದೆ. ರಾತ್ರಿ ಹೀರಿದ ಅನಿಲವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಬಿಸಿಲಿನ ಬಲದಿಂದ ಅದನ್ನೇ ಆಹಾರ ಮಾಡಿಕೊಳ್ಳುತ್ತದೆ. ಸಸ್ಯಗಳ ಈ ಹಗಲು ರಾತ್ರಿಯ ಲೆಕ್ಕಕ್ಕೆ ನಮ್ಮ ನಾಡಿನ ನಂಟೂ ಇದೆ. ಟಿಪ್ಪುವಿನ ಪತನದ ನಂತರ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ, ಕಾಡುಬಸಳೆಯ ಎಲೆ ಬೆಳಗ್ಗೆ ಬಲು ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬುದನ್ನು ಬಾಯಲ್ಲಿಟ್ಟು ನೋಡಿ ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ಕಳ್ಳಿಯ ಗುಟ್ಟೂ ಅದೇ.

ಇಷ್ಟೊಂದು ಕೌಶಲವಿರುವ ಗಿಡ ತನ್ನ ಶತ್ರುಗಳಿಲ್ಲದ ನಾಡಿಗೆ ಕಾಲಿಟ್ಟರೆ ಏನಾಗಬೇಕೋ ಅದೇ ಆಯಿತು. ಆದರೆ ಅದನ್ನು ಕರೆತಂದ ಕಾರಣ ಹೂವೂ ಅಲ್ಲ, ಹಣ್ಣೂ ಅಲ್ಲ, ಒಂದು ಬಣ್ಣ.

ಕೆಂಪು ಬಣ್ಣದ ಆಸೆ

ಮೆಕ್ಸಿಕೋದವರಿಗೆ ಒಪುಂಟಿಯ ಊಟವೂ ಹೌದು, ಲಾಂಛನವೂ ಹೌದು. ಕಳ್ಳಿಯ ಮೇಲೆ ಕುಳಿತ ಹದ್ದು ಇಂದಿಗೂ ಆ ದೇಶದ ಬಾವುಟದ ಮೇಲಿದೆ. ಅಲ್ಲಿಯ ಮೂಲನಿವಾಸಿಗಳು ಈ ಗಿಡದ ಮೇಲೆ ಕೊಚಿನೀಲ್ ಎಂಬ ಸಣ್ಣ ಹುಳುವನ್ನು ಸಾಕುತ್ತಿದ್ದರು. ಹೆಣ್ಣು ಹುಳುವಿಗೆ ರೆಕ್ಕೆಯಿಲ್ಲ. ಹಾಳೆಗೆ ಮೂತಿಯಿಟ್ಟು ರಸ ಹೀರುತ್ತ, ಮೈಮೇಲೆ ಬಿಳಿ ಅರಳೆಯಂತಹ ಮೇಣ ಹೊದ್ದು ಕುಳಿತೇ ಜೀವನ ಕಳೆಯುತ್ತದೆ. ಅದನ್ನು ಹಿಸುಕಿದರೆ ಕಡುಗೆಂಪು. ಒಣಗಿಸಿದ ಸುಮಾರು 70 ಸಾವಿರ ಹುಳುಗಳು ಕೂಡಿದರೆ ಒಂದು ಪೌಂಡು ತೂಕ. ಉಣ್ಣೆಗೂ ರೇಷ್ಮೆಗೂ ಅಂತಹ ಕೆಂಪು ಬೇರೊಂದಿರಲಿಲ್ಲ. ಸ್ಪೇನ್ ದೇಶ ಮೆಕ್ಸಿಕೋವನ್ನು ಗೆದ್ದ ಮೇಲೆ ಈ ವ್ಯಾಪಾರವನ್ನು ಬಿಗಿಮುಷ್ಟಿಯಲ್ಲಿ ಹಿಡಿದುಕೊಂಡಿತು. 1777ರಲ್ಲಿ ಥಿಯೆರಿ ಡಿ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯಜ್ಞ ಹುಳುಗಳನ್ನು ಮೆಕ್ಸಿಕೋದಿಂದ ಕದ್ದು ಸಾಗಿಸಿದ್ದು ಆ ಕಾಲದ ದೊಡ್ಡ ಸಾಹಸ. ಇಂಗ್ಲೆಂಡಿನ ಸೇನಾಧಿಕಾರಿಗಳ ಕೆಂಪು ಕೋಟು ಕೂಡ ಈ ಬಣ್ಣವನ್ನೇ ಬೇಡುತ್ತಿತ್ತು.

ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತು. ಮದರಾಸಿನಲ್ಲಿ ಕಂಪನಿಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಎಂಬವರು 1786ರಲ್ಲಿ ಕೊಚಿನೀಲ್ ಹೋಲುವ ಹುಳುವೊಂದನ್ನು ಹುಲ್ಲಿನ ಮೇಲೆ ಕಂಡು ಲಂಡನ್ನಿಗೆ ಪತ್ರ ಬರೆದರು. ಅದು ನಿಜವಾದ ಕೊಚಿನೀಲ್ ಆಗಿರಲಿಲ್ಲ. ಆದರೂ ಉತ್ಸಾಹ ತಣಿಯಲಿಲ್ಲ. ಮದರಾಸಿನ ಹೊರವಲಯದ ಸೈದಾಪೇಟೆಯಲ್ಲಿ ಕಳ್ಳಿಯ ತೋಟವೇ ಎದ್ದಿತು. ಹುಳು ಇನ್ನೂ ಬಂದಿಲ್ಲ. ಅದರ ಊಟ ಮಾತ್ರ ಸಿದ್ಧವಾಗಿ ಕುಳಿತಿತ್ತು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬ ಸೇನಾಧಿಕಾರಿ ಹಡಗಿನಲ್ಲಿ ಭಾರತಕ್ಕೆ ಬರುವಾಗ ಬ್ರೆಜಿಲಿನ ರಿಯೊ ಡಿ ಜನೈರೊ ಬಂದರಿನಿಂದ ಹುಳುಗಳಿದ್ದ ಕಳ್ಳಿಯನ್ನು ತಂದು ಕಲ್ಕತ್ತೆಗೆ ಮುಟ್ಟಿಸಿದನು. ಕಂಪನಿಯವರ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಬಂದದ್ದು ಮೆಕ್ಸಿಕೋದ ಸಾಕಿದ ಹುಳುವಲ್ಲ, ಅದರ ಕಾಡುದಾಯಾದಿ. ಬಣ್ಣ ಕಳಪೆ, ಇಳುವರಿ ಕಡಿಮೆ. ಮೆಕ್ಸಿಕೋದ ಬಣ್ಣದ ಮುಂದೆ ಅದು ನಿಲ್ಲಲಿಲ್ಲ, ವ್ಯಾಪಾರ ಕುದುರಲಿಲ್ಲ. ಬೇಕಾದ ಹುಳು ಬರಲಿಲ್ಲ, ಬಂದ ಹುಳು ಬೇಕಾದ ಬಣ್ಣ ಕೊಡಲಿಲ್ಲ. ಕಳ್ಳಿ ಮಾತ್ರ ನಾಡಿನಲ್ಲಿ ಉಳಿಯಿತು.

ದತ್ತ ಮಂಡಲದ ಬೇಲಿ

ಇದೇ ಕಾಲಕ್ಕೆ ನಮ್ಮ ಸೀಮೆಯ ರಾಜಕೀಯವೂ ಬದಲಾಯಿತು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅವು ದತ್ತ ಮಂಡಲ ಎನಿಸಿದವು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರ ಕಾಲ ಮುಗಿಯುತ್ತ ಬಂತು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದರು. ಹೀಗೆ ಕೂಡ್ಲಿಗಿಯೂ ಹಡಗಲಿಯೂ ಹರಪನಹಳ್ಳಿಯೂ ಕಳ್ಳಿಯ ತೋಟ ಎದ್ದಿದ್ದ ಅದೇ ಮದರಾಸಿನ ಆಡಳಿತಕ್ಕೆ ಸೇರಿದವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಆ ನಂಟು ಮುಂದುವರಿಯಿತು.

ಬಣ್ಣಕ್ಕೆ ಬಾರದ ಕಳ್ಳಿ ಬೇಲಿಗೆ ಬಂತು. ಕಲ್ಲಿನ ಗೋಡೆ ಕಟ್ಟಲು ಹಣ ಬೇಕು, ಮುಳ್ಳು ಕಡಿದು ಹಾಕಿದ ಬೇಲಿ ವರ್ಷಕ್ಕೊಮ್ಮೆ ಒಣಗಿ ಗೆದ್ದಲಿನ ಪಾಲು. ಪಾಪಾಸುಕಳ್ಳಿಯ ಒಂದು ಹಾಳೆ ಮುರಿದು ನೆಲಕ್ಕೆ ಎಸೆದರೆ ಸಾಕು; ನೀರು ಬೇಡ, ಗೊಬ್ಬರ ಬೇಡ, ಕಾವಲು ಬೇಡ. ದನ ಮುಟ್ಟುವುದಿಲ್ಲ, ಕಳ್ಳ ನುಗ್ಗುವುದಿಲ್ಲ. ಸರ್ಕಾರಕ್ಕೂ ಈ ಉಪಾಯ ಹಿಡಿಸಿತ್ತು. ಉಪ್ಪಿನ ಸುಂಕ ತಪ್ಪಿಸಿ ಹೋಗುವವರನ್ನು ತಡೆಯಲು ಉತ್ತರ ಭಾರತದ ಉದ್ದಕ್ಕೂ ಬ್ರಿಟಿಷರು ಬೆಳೆಸಿದ್ದ ಮಹಾಬೇಲಿಯಲ್ಲಿ, ಒಣನೆಲದ ಭಾಗಗಳಿಗೆ ಬಳಸಿದ ಗಿಡಗಳಲ್ಲಿ ಇದೂ ಒಂದು. 1879ರಲ್ಲಿ ಆ ಸುಂಕದ ಗಡಿಯನ್ನು ರದ್ದು ಮಾಡಲಾಯಿತು.

ಬೇಲಿಯಾಗಿ ನಿಂತದ್ದು ಬೇಲಿಯಲ್ಲೇ ನಿಲ್ಲಲಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಗುಡ್ಡಕ್ಕೆ ಒಯ್ದವು. ಮಳೆಯ ನೀರು ಮುರಿದ ಹಾಳೆಗಳನ್ನು ಹಳ್ಳಕ್ಕೆ ಎಳೆದೊಯ್ದಿತು. ಬಿದ್ದಲ್ಲೆಲ್ಲ ಬೇರು ಇಳಿಯಿತು. ಗೋಮಾಳ, ಕೆರೆಯಂಗಳ, ಪಾಳುಬಿದ್ದ ಹೊಲ, ಊರ ಹಿಂದಿನ ಬಯಲು ಎಲ್ಲವೂ ಕಳ್ಳಿಯ ಪಾಲಾಗತೊಡಗಿದವು. ಅದರ ಮರೆಯಲ್ಲಿ ಹಾವು, ಹೆಗ್ಗಣ, ಹಂದಿ ಮನೆಮಾಡಿದವು. ಕಡಿದು ಗುಂಡಿಯಲ್ಲಿ ಹೂಳುವುದು, ಒಣಗಿಸಿ ಸುಡುವುದು ಎಲ್ಲವೂ ನಡೆಯಿತು. ಕಡಿದು ಹಾಗೆಯೇ ಬಿಟ್ಟರೆ ಒಂದು ಗಿಡ ಹತ್ತಾಗುತ್ತಿತ್ತು.

ಆದರೂ ಇದನ್ನು ಬರೀ ಶತ್ರುವೆಂದು ಬರೆದರೆ ಅನ್ಯಾಯವಾದೀತು. ಬಳ್ಳಾರಿ ಸೀಮೆಗೆ ಬರ ಹೊಸದಲ್ಲ. 1876ರಲ್ಲಿ ಮಳೆ ಕೈಕೊಟ್ಟು ಆರಂಭವಾದ ಬರಗಾಲ 1878ರವರೆಗೂ ದಕ್ಷಿಣ ಭಾರತವನ್ನು ಸುಟ್ಟಿತು. ಆ ಎರಡು ವರ್ಷಗಳ ಸಂವತ್ಸರದ ಹೆಸರು ಧಾತು, ಈಶ್ವರ. ಹಾಗಾಗಿ ಜನರ ಬಾಯಲ್ಲಿ ಅದು ಧಾತು ಈಶ್ವರ ಬರ. ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂತಹ ದಿನಗಳಲ್ಲಿ ನೆಲದ ಮೇಲೆ ಹಸಿರಾಗಿ ಉಳಿಯಬಲ್ಲದ್ದು ಈ ಕಳ್ಳಿಯಂತಹ ಗಿಡವೊಂದೇ. ಹಸಿದವರಿಗೆ ಅದರ ಹಣ್ಣು ಸಿಗುತ್ತಿತ್ತು. ಮುಳ್ಳನ್ನು ಬೆಂಕಿಗೆ ಹಿಡಿದು ಸುಟ್ಟು, ಹಾಳೆಯನ್ನು ಹೋಳು ಮಾಡಿದರೆ ದನಕ್ಕೂ ಒಂದಿಷ್ಟು ನೀರು, ಒಂದಿಷ್ಟು ಮೇವು. ಬೇಡವೆಂದು ಶಪಿಸಿದ ಗಿಡವೇ ಬರದಲ್ಲಿ ಕೈಹಿಡಿಯುವ ಈ ಇಬ್ಬಂದಿ ಮುಂದಿನ ಕಥೆಯಲ್ಲಿಯೂ ಬರುತ್ತದೆ.

ಹುಳು ತಿಂದ ಕಳ್ಳಿ

ಕಂಪನಿ ತಂದ ಹುಳುವಿಗೆ ವ್ಯಾಪಾರದಲ್ಲಿ ಬೆಲೆ ಬರಲಿಲ್ಲ ಎಂದೆವಷ್ಟೆ. ಆದರೆ ಅದು ಬೇರೊಂದು ಕೆಲಸ ಮಾಡಿತು. ಆಗ ಭಾರತದಲ್ಲಿ ಹಬ್ಬಿದ್ದ ಒಂದು ಬಗೆಯ ಒಪುಂಟಿಯವನ್ನು, ತನ್ನದೇ ತವರಾದ ಬ್ರೆಜಿಲಿನ ಕಡೆಯ ಕಳ್ಳಿಯನ್ನು, ಹುಡುಕಿ ಹುಡುಕಿ ತಿಂದು ಹಾಕಿತು. 1836ರಿಂದ 1838ರ ಅವಧಿಯಲ್ಲಿ ಅದನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. ಇಲ್ಲಿಯೂ ಆ ಬಗೆಯ ಕಳ್ಳಿ ಅಳಿಯಿತು. 1860ರ ದಶಕದಲ್ಲಿ ಭಾರತದಿಂದ ಸಿಂಹಳಕ್ಕೂ ಹೋಯಿತು. ಒಂದು ಕಳೆಯನ್ನು ಅದರ ಶತ್ರುಕೀಟದಿಂದ ಹತೋಟಿಗೆ ತರುವ ವಿಧಾನಕ್ಕೆ ಜಗತ್ತಿನಲ್ಲಿ ಸಿಗುವ ಮೊದಲ ಉದಾಹರಣೆಗಳು ಇವೇ. ಬಣ್ಣದ ಲೆಕ್ಕ ತಪ್ಪಿದಲ್ಲಿ ಕೃಷಿವಿಜ್ಞಾನಕ್ಕೆ ಒಂದು ಪಾಠ ಸಿಕ್ಕಿತು.

ಆದರೆ ಈ ಹುಳುಗಳು ನಾಲಿಗೆಯ ವಿಷಯದಲ್ಲಿ ಬಲು ಹಟಮಾರಿ. ಆ ಹುಳು ಡಿಲ್ಲೇನಿಯೈ ಬಗೆಯನ್ನು ಮುಟ್ಟಲಿಲ್ಲ. ಹಾಗಾಗಿ ದಕ್ಷಿಣದಲ್ಲಿ ಮುಂದಿನ ಸರದಿ ಡಿಲ್ಲೇನಿಯೈಯದಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಮದರಾಸು ಪ್ರಾಂತಕ್ಕೆ ದೊಡ್ಡ ಪಿಡುಗಾಗಿ ನಿಂತಿತು.

ಪಿಡುಗು ನಮ್ಮೊಬ್ಬರದೇ ಆಗಿರಲಿಲ್ಲ. 1788ರಲ್ಲಿ ಇದೇ ರಿಯೊ ಬಂದರಿನಿಂದ, ಇದೇ ಬಣ್ಣದ ಆಸೆಯಿಂದ ಇಂಗ್ಲಿಷರು ಆಸ್ಟ್ರೇಲಿಯಕ್ಕೂ ಕಳ್ಳಿ ಒಯ್ದಿದ್ದರು. ಮುಂದೆ ಬೇಲಿಗೆಂದು ಬೇರೆ ಬಗೆಗಳೂ ಹೋದವು. 1920ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 6 ಕೋಟಿ ಎಕರೆ ನೆಲ ಕಳ್ಳಿಯ ಕೈಸೇರಿ ರೈತರು ಮನೆಮಠ ಬಿಟ್ಟು ಹೋಗಿದ್ದರು. ಆಸ್ಟ್ರೇಲಿಯದವರು ಅರ್ಜೆಂಟೀನದಿಂದ ಒಂದು ಪತಂಗವನ್ನು ತಂದು 1926ರಲ್ಲಿ ಹೊಲಗಳಿಗೆ ಬಿಟ್ಟರು. ಅದರ ಮರಿಹುಳುಗಳು ಕೆಲವೇ ವರ್ಷಗಳಲ್ಲಿ ಕಳ್ಳಿಯ ಕಾಡನ್ನು ಕೊಳೆಸಿ ಮಲಗಿಸಿದವು. ಕ್ವೀನ್ಸ್‌ಲೆಂಡಿನ ಬೂನಾರ್ಗ ಎಂಬ ಹಳ್ಳಿಯ ಜನ ಆ ಪತಂಗದ ಸ್ಮಾರಕವಾಗಿ 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿಸಿದರು.

ಅದೇ 1926ರಲ್ಲಿ ದಕ್ಷಿಣ ಭಾರತಕ್ಕೂ ಬಿಡುಗಡೆ ಬಂತು, ಬೇರೊಂದು ಹುಳುವಿನ ರೂಪದಲ್ಲಿ. ಅಮೆರಿಕ ಮೂಲದ ಇನ್ನೊಂದು ಕೊಚಿನೀಲ್ ಹುಳು ಆಸ್ಟ್ರೇಲಿಯದ ಮೂಲಕ ಸಿಂಹಳಕ್ಕೆ ಬಂದು ಅಲ್ಲಿ ಕಳ್ಳಿಯನ್ನು ತಿನ್ನುತ್ತಿತ್ತು. ಅಲ್ಲಿಂದ ಅದನ್ನು ಇಲ್ಲಿಗೆ ತಂದರು. ಬಿಡುವ ವಿಧಾನ ಸರಳ. ಹುಳು ಕೂತ ಹಾಳೆಯನ್ನು ಕಿತ್ತು ಒಳ್ಳೆಯ ಪೊದೆಯ ಮೇಲಿಟ್ಟರೆ ಮುಗಿಯಿತು. ಮರಿಗಳು ಹರಿದಾಡಿ, ಗಾಳಿಯಲ್ಲಿ ತೇಲಿ ಪಕ್ಕದ ಪೊದೆಗೆ ದಾಟುತ್ತಿದ್ದವು. ಮೊದಲು ಹಾಳೆಯ ಮೇಲೆ ಬಿಳಿ ಅರಳೆ, ಆಮೇಲೆ ಹಳದಿ ಕಲೆ, ಆಮೇಲೆ ಬುಡದಿಂದಲೇ ಕೊಳೆತು ಕುಸಿತ. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದಲ್ಲಿ ಸುಮಾರು 40 ಸಾವಿರ ಹೆಕ್ಟೇರ್ ನೆಲ ಕಳ್ಳಿಯಿಂದ ಬಿಡುಗಡೆ ಪಡೆಯಿತು. ಕೊಡಲಿ, ಬೆಂಕಿ, ಸರ್ಕಾರದ ಹಣ ಯಾವುದರಿಂದಲೂ ಆಗದ್ದು ಸಾಸಿವೆ ಗಾತ್ರದ ಹುಳುವಿನಿಂದ ಆಯಿತು.

ಇಂದು ನಾವು ಬಂಡೆಯ ಸಂದಿಯಲ್ಲಿ ಕಾಣುವ ಪಾಪಾಸುಕಳ್ಳಿ ಆ ದೊಡ್ಡ ಸಾಮ್ರಾಜ್ಯದ ಅಳಿದುಳಿದ ಕುರುಹು. ಹುಳು ಇನ್ನೂ ಇದೆ, ಕಳ್ಳಿಯೂ ಇದೆ. ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚಿ ಲೆಕ್ಕ ಸರಿಮಾಡುತ್ತದೆ. ಹಾಳೆಯ ಮೇಲೆ ಬಿಳಿ ಅರಳೆಯ ಉಂಡೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ಕಡ್ಡಿಯ ತುದಿ ಕೆಂಪಾಗುತ್ತದೆ. ಸೈದಾಪೇಟೆಯ ತೋಟವನ್ನು ಎಬ್ಬಿಸಿದ್ದು ಅಂತಹ ಕೆಂಪಿನ ಆಸೆಯೇ.

ಬಳ್ಳಾರಿಯ ಹೆಸರು ಹೊತ್ತ ಜಾಲಿ

ಕಳ್ಳಿ ಹೋದ ಜಾಗದಲ್ಲಿ ಹುಲ್ಲು ಮರಳಿತೇ, ಗೋಮಾಳ ಗೋಮಾಳವಾಗಿ ಉಳಿಯಿತೇ ಎಂದು ಕೇಳಿದರೆ ಉತ್ತರವನ್ನು ಬಸ್ಸಿನ ಕಿಟಕಿಯೇ ಕೊಡುತ್ತದೆ. ರಸ್ತೆಬದಿಯಲ್ಲಿ, ಕೆರೆಯಂಗಳದಲ್ಲಿ, ಹಾಳುಬಿದ್ದ ಹೊಲದಲ್ಲಿ ಈಗ ತುಂಬಿ ನಿಂತಿರುವುದು ಬಳ್ಳಾರಿ ಜಾಲಿ. ಹೆಸರು ಕೇಳಿದವರು ಅದು ಈ ಮಣ್ಣಿನ ಮಗುವೇ ಎಂದುಕೊಳ್ಳಬೇಕು. ಅದೂ ಅಮೆರಿಕದ್ದೇ. 1876ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ ಒಣನೆಲಕ್ಕೆ ಸೌದೆಮರವಾಗಿ ಈ ಜಾಲಿಯ ಬೀಜ ತರಿಸುವಂತೆ ಸರ್ಕಾರಕ್ಕೆ ಬರೆದರು. ಬೀಜ ಜಮೈಕದಿಂದ ಬಂತು. 1877ರಲ್ಲಿ ದತ್ತ ಮಂಡಲದ್ದೇ ಭಾಗವಾದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಧಾತು ಈಶ್ವರ ಬರ ಇಡೀ ಸೀಮೆಯನ್ನು ಸುಡುತ್ತಿದ್ದ ವರ್ಷವದು.

ಉದ್ದೇಶ ಒಳ್ಳೆಯದೇ ಆಗಿತ್ತು, ಒಂದು ಮಟ್ಟಿಗೆ ಈಡೇರಿತು ಕೂಡ. ಬಡವರ ಒಲೆಗೆ ಸೌದೆ, ಇದ್ದಿಲಿನ ಸಂಪಾದನೆ, ಬೇಸಿಗೆಯಲ್ಲಿ ಕುರಿ ಮೇಕೆಗೆ ಸಿಹಿ ಕಾಯಿ. ಆದರೆ ಕಳ್ಳಿಯಂತೆ ಇದೂ ನೆಟ್ಟಲ್ಲಿ ನಿಲ್ಲಲಿಲ್ಲ. ಕುರಿಗಳ ಹಿಕ್ಕೆಯ ಜತೆಗೆ ಬೀಜ ಊರೂರು ಸುತ್ತಿತು. ಕಳ್ಳಿಗಾದರೆ ಒಂದು ಹುಳು ಸಿಕ್ಕಿತು. ಜಾಲಿಗೆ ಅಂತಹ ಹುಳು ಬಿಡೋಣವೆಂದರೆ ಅದರ ಸೌದೆಯನ್ನೇ ನಂಬಿದ ಸಂಸಾರಗಳ ಗತಿಯೇನು ಎಂಬ ಪ್ರಶ್ನೆ ಎದುರಾಗುತ್ತದೆ. ಬೇಡವೆನ್ನಲೂ ಆಗದ, ಬೇಕೆನ್ನಲೂ ಆಗದ ಅದೇ ಇಬ್ಬಂದಿ.

ಮರಳಿ ಬರುವ ಕಳ್ಳಿ

ಈಗ ಕಳ್ಳಿಯೇ ಮರಳಿ ಬರುತ್ತಿದೆ, ಈ ಸಲ ಮುಳ್ಳು ಕಳಚಿಟ್ಟು. ಮೆಕ್ಸಿಕೋದವರು ತಲೆತಲಾಂತರದಿಂದ ಬೆಳೆದ, ದೊಡ್ಡ ಮುಳ್ಳುಗಳಿಲ್ಲದ ಒಪುಂಟಿಯವನ್ನು ಒಣನಾಡಿನ ಮೇವಾಗಿ ಬೆಳೆಸಬಹುದೇ ಎಂದು ಜೋಧಪುರ, ಝಾನ್ಸಿಗಳ ಸಂಶೋಧನಾ ಕೇಂದ್ರಗಳು ಪರೀಕ್ಷಿಸಿವೆ. ಪಾಳುನೆಲದ ಅಭಿವೃದ್ಧಿಗೆ ಅದನ್ನು ಬಳಸುವ ಯೋಚನೆ ಕೇಂದ್ರ ಸರ್ಕಾರದ ಮಟ್ಟದಲ್ಲಿಯೂ ನಡೆದಿದೆ. ಸಂತೆಯಲ್ಲಿ ಸಿಗುವ ಡ್ರ್ಯಾಗನ್ ಹಣ್ಣು ಕೂಡ ಮಧ್ಯ ಅಮೆರಿಕದ ಕ್ಯಾಕ್ಟಸ್ಸೇ. ರಾತ್ರಿ ಅರಳುವ ಅದರ ದೊಡ್ಡ ಬಿಳಿ ಹೂವು ಕರ್ನಾಟಕದ ಒಣಜಿಲ್ಲೆಗಳ ತೋಟಗಳಿಗೆ ಬಂದಾಗಿದೆ.

ಇದರಲ್ಲಿ ತಪ್ಪೇನೂ ಇಲ್ಲ. ಮಳೆ ಕಡಿಮೆಯಾದ ವರ್ಷ ಕೂಡ್ಲಿಗಿಯ ರೈತ ದನವನ್ನು ಸಂತೆಗೆ ಹೊಡೆಯುವ ಬದಲು ಬದುವಿನ ಕಳ್ಳಿ ಕೊಯ್ದು ಹಾಕುವಂತಾದರೆ ಅದು ಸಣ್ಣ ಲಾಭವಲ್ಲ. ಆದರೆ ಹಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಎರಡು ಮಾತು ಕೇಳಬೇಕಾಗುತ್ತದೆ. ಒಂದು, 1926ರಲ್ಲಿ ನಾವೇ ಬಿಟ್ಟ ಹುಳು ಇನ್ನೂ ಬದುಕಿದೆ. ಮುಳ್ಳಿಲ್ಲದ ಕಳ್ಳಿಯೂ ಅದರ ನಾಲಿಗೆಗೆ ರುಚಿಯೇ. ಕಳೆದ ದಶಕದಲ್ಲಿ ಮೊರಾಕ್ಕೊ ದೇಶದಲ್ಲಿ ಅದೇ ಹುಳು ಬಡ ರೈತರ ಕಳ್ಳಿತೋಟಗಳನ್ನು ಹಾಳುಗೆಡವಿತು. ಒಂದು ನಾಡಿಗೆ ರಕ್ಷಕನಾದ ಹುಳು ಇನ್ನೊಂದು ನಾಡಿಗೆ ಯಮನಾಯಿತು. ಎರಡನೆಯದು, ನೆಡುವ ಜಾಗ. ಸರ್ಕಾರಿ ಕಾಗದದಲ್ಲಿ ಪಾಳು ಎಂದು ಬರೆದ ನೆಲವೆಲ್ಲ ಪಾಳಲ್ಲ. ಅದು ಕುರಿಗಾರರ ಹುಲ್ಲುಗಾವಲು, ಗುಡೇಕೋಟೆಯ ಗುಡ್ಡಗಳ ಕರಡಿಯ ಮನೆ.

ಕಂಪನಿಯವರು ಕಳ್ಳಿಯನ್ನು ತಂದಾಗ ಈ ಸೀಮೆಯವರನ್ನು ಯಾರೂ ಕೇಳಲಿಲ್ಲ. ಜಾಲಿಯ ಬೀಜ ಬಿತ್ತಿದಾಗಲೂ ಕೇಳಲಿಲ್ಲ. ಆಗ ಇದು ಮದರಾಸಿನ ಮೂಲೆಯ ಜಿಲ್ಲೆ. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸಪೇಟೆಯ ಜತೆಗೆ ಈ ಐದೂ ತಾಲ್ಲೂಕುಗಳು ಕೂಡಿ ವಿಜಯನಗರ ಜಿಲ್ಲೆಯಾಯಿತು. ಈಗ ಜಿಲ್ಲೆಯ ಕಚೇರಿ ಹತ್ತಿರವಿದೆ. ಏನು ನೆಡಬೇಕು, ಎಲ್ಲಿ ನೆಡಬೇಕು ಎಂಬುದನ್ನು ಈ ಊರುಗಳ ಜನರೇ ಕೂತು ಹೇಳಬಹುದಾದ ಕಾಲ.

ಗಿಡಕ್ಕಂತೂ ಇದಾವುದರ ಪರಿವೆಯಿಲ್ಲ. ಪರದೇಶಿ ಎಂಬ ಮಾತಿಗೆ ಕನ್ನಡದಲ್ಲಿ ಹೊರನಾಡಿನವನು ಎಂದೂ ಅರ್ಥ, ದಿಕ್ಕಿಲ್ಲದವನು ಎಂದೂ ಅರ್ಥ. ಪಾಪಾಸುಕಳ್ಳಿಗೆ ಎರಡೂ ಒಪ್ಪುತ್ತವೆ. ತಾನಾಗಿ ಬರಲಿಲ್ಲ, ತಂದವರು ಕೈಬಿಟ್ಟರು, ಸಾಕಿದವರು ಶಪಿಸಿದರು. ಆದರೂ ಬೇಸಿಗೆ ಬಂದಾಗ, ಹಡಗಲಿಯ ಮಲ್ಲಿಗೆ ಮಾಲೆಯಾಗಿ ಊರೂರಿಗೆ ಹೊರಡುವ ದಿನಗಳಲ್ಲಿ, ಯಾರೂ ನೀರೆರೆಯದ ಬೇಲಿಯ ಮೂಲೆಯಲ್ಲಿ ಅದೂ ತನ್ನ ಹಳದಿ ಬಟ್ಟಲನ್ನು ಬಿಸಿಲಿಗೆ ತೆರೆದಿಡುತ್ತದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಲಿ; ಕೈ ಮಾತ್ರ ಹಾಕದಿರಲಿ.